ಅಡುಗೆ ಒಂದೇ, ತಟ್ಟೆ ಬೇರೆ

"ಊಟ ಬಲ್ಲವನಿಗೆ ರೋಗವಿಲ್ಲ, ಮಾತು ಬಲ್ಲವನಿಗೆ ಜಗಳವಿಲ್ಲ" ಎಂದು ಹಿರಿಯರು ಹೇಳಿಟ್ಟು ಹೋಗಿದ್ದಾರೆ. ಆದರೆ ಅಡುಗೆಯನ್ನು ಬಲ್ಲವರಾಗಿದ್ದೂ ಅದನ್ನು ಕಂಡರೆ ಆಗದವರ ಗತಿ ಏನು ಎಂಬುದನ್ನು ಅವರು ಹೇಳಲಿಲ್ಲ. ಅಂಥವರು ನಮ್ಮ ಸಂಘದಲ್ಲಿ ಎಷ್ಟು ಮಂದಿ ಇದ್ದಾರೋ ನಾವರಿಯೆವು. ಸಭೆಯಲ್ಲಿ ಕೈ ಎತ್ತಿ ಎಂದರೆ ಯಾರೂ ಎತ್ತಲಾರರು ಎಂಬುದಂತೂ ಖಂಡಿತ. ಹಾಡಲು ಇಷ್ಟವಿಲ್ಲ ಎನ್ನಬಹುದು, ಲೆಕ್ಕ ಬರೆಯಲು ಇಷ್ಟವಿಲ್ಲ ಎನ್ನಬಹುದು. ಗೃಹಿಣಿಯಾದವಳು ಅಡುಗೆ ಇಷ್ಟವಿಲ್ಲ ಎಂದರೆ ಮಾತ್ರ ಮನೆಯವರ ಮೇಲೆಯೇ ಪ್ರೀತಿಯಿಲ್ಲ ಎಂದಂತೆ.

ಈ ಬರಹದಲ್ಲಿ "ನಾವು" ಎಂದಿರುವುದು ಸಂಪಾದಕೀಯದ ಗತ್ತಿನಿಂದಲ್ಲ. ಗಂಡ ಹೆಂಡತಿ ಇಬ್ಬರೂ ಊಟದ ಮೇಜಿನ ಎರಡು ಬದಿಗೆ ಕುಳಿತು, ಒಬ್ಬರು ಹೇಳಿದ್ದನ್ನು ಇನ್ನೊಬ್ಬರು ತಿದ್ದಿ ಬರೆದದ್ದರಿಂದ ಈ ಬಹುವಚನ. ಒಬ್ಬರು ಹಾಸನದ ಕಡೆಯವರು, ಇನ್ನೊಬ್ಬರು ಧಾರವಾಡದ ಕಡೆಯವರು. ಡೊಂಬಿವಲಿಯಲ್ಲಿ ಸಂಸಾರ ಹೂಡಿ 28 ವರ್ಷಗಳಾದವು. ಒಬ್ಬರು ಇನ್ನೂ ಫೋರ್ಟಿನ ಬ್ಯಾಂಕಿಗೆ ದಿನವೂ ಲೋಕಲ್ ಹಿಡಿಯುವವರು; ಇನ್ನೊಬ್ಬರು ಕಂಪನಿಯಿಂದ ಸ್ವಯಂನಿವೃತ್ತಿ ಪಡೆದು ಮನೆಯಲ್ಲಿರುವವರು. ಜೊತೆಗೆ 79 ವರ್ಷದ ಅಮ್ಮ (ಒಬ್ಬರಿಗೆ ಅಮ್ಮ, ಒಬ್ಬರಿಗೆ ಅತ್ತೆ) ಮತ್ತು ಇಂಜಿನಿಯರಿಂಗ್ ಓದುವ, ಎಷ್ಟು ತಿಂದರೂ ಮೈಗೆ ಹತ್ತದ ಮಗ. ಅಡುಗೆಯ ವಿಷಯದಲ್ಲಿ ನಮ್ಮ ಸ್ಥಿತಿ ಹೀಗಿತ್ತು: ಒಬ್ಬರಿಗೆ ಇಷ್ಟವಿಲ್ಲ, ಇನ್ನೊಬ್ಬರಿಗೆ ಬರುವುದಿಲ್ಲ. ಇಷ್ಟವಿಲ್ಲದವರು 27 ವರ್ಷ ಮಾಡಿ ಬಡಿಸಿದರು. ಬಾರದವರು 27 ವರ್ಷ ಉಂಡು "ಉಪ್ಪು ಒಂದು ಕಲ್ಲು ಕಡಿಮೆ" ಎಂದರು.

ಹೀಗೆ ಸಾಗಿದ್ದ ಸಂಸಾರಕ್ಕೆ ಕಳೆದ ವರ್ಷ ಯುಗಾದಿ ಕಳೆದ ವಾರ ಒಂದು ಅಡ್ಡಿ ಬಂತು. ಬ್ಯಾಂಕಿನವರು ವರ್ಷಕ್ಕೊಮ್ಮೆ ಮಾಡಿಸುವ ತಪಾಸಣೆಗೆ ಇಬ್ಬರೂ ಹೋಗಿದ್ದೆವು. ಒಬ್ಬರ ತೂಕ 71 ಕಿಲೋ, ಇನ್ನೊಬ್ಬರದು 84. ತೂಕವನ್ನು ಎತ್ತರದ ಮೀಟರಿನ ವರ್ಗದಿಂದ ಭಾಗಿಸಿದರೆ ಬರುವ ಅಂಕಿ ಇಬ್ಬರಿಗೂ 29 ದಾಟಿತ್ತು. ನಮ್ಮ ದೇಶದವರಿಗೆ 23ಕ್ಕೇ ತೂಕ ಹೆಚ್ಚೆಂದೂ, 25ಕ್ಕೇ ಬೊಜ್ಜೆಂದೂ ಲೆಕ್ಕವಂತೆ. ಸೊಂಟದ ಸುತ್ತಳತೆ ಹೆಂಗಸರಿಗೆ 80 ಸೆಂಟಿಮೀಟರ್, ಗಂಡಸರಿಗೆ 90 ದಾಟಬಾರದಂತೆ. ನಮ್ಮಿಬ್ಬರದೂ ದಾಟಿ ಎಷ್ಟೋ ವರ್ಷಗಳಾಗಿದ್ದವು. ಇಷ್ಟಾದರೆ ನಗುತ್ತಲೇ ಮನೆಗೆ ಬರುತ್ತಿದ್ದೆವೋ ಏನೋ. ಆದರೆ ಮೂರು ತಿಂಗಳ ಸಕ್ಕರೆಯ ಸರಾಸರಿ ತೋರಿಸುವ ರಕ್ತಪರೀಕ್ಷೆಯಲ್ಲಿ ಒಬ್ಬರಿಗೆ 6.3, ಇನ್ನೊಬ್ಬರಿಗೆ 6.1 ಬಂತು. 5.7ಕ್ಕಿಂತ ಕೆಳಗಿದ್ದರೆ ಸರಿ, 6.5 ಮುಟ್ಟಿದರೆ ಮಧುಮೇಹ. ನಾವು ನಡುವಿನ ಕಟ್ಟೆಯ ಮೇಲೆ ಕುಳಿತಿದ್ದೆವು.

ನಮ್ಮ ಬಡಾವಣೆಯ ಡಾಕ್ಟರು ಮಿತಭಾಷಿ. "ಮಾತ್ರೆ ಬರೆಯುವುದಿಲ್ಲ. ಆರು ತಿಂಗಳು ಸಮಯ. ತೂಕದಲ್ಲಿ ನೂರಕ್ಕೆ ಐದರಿಂದ ಏಳು ಪಾಲು ಇಳಿಸಿ, ದಿನಾ ನಡೆಯಿರಿ. ವಾರಕ್ಕೆ ಅರ್ಧ ಕಿಲೋ ಇಳಿದರೆ ಸಾಕು, ಅವಸರ ಬೇಡ" ಎಂದಷ್ಟೇ ಹೇಳಿದರು. ಹೊರಗೆ ಬಂದ ಮೇಲೆ ನಾವಿಬ್ಬರೂ ಮಾತನಾಡಲಿಲ್ಲ. ಹಾಸನದ ನಮ್ಮ ಅಣ್ಣ ಸಕ್ಕರೆ ಕಾಯಿಲೆಯನ್ನು ಹತ್ತು ವರ್ಷ "ಏನೂ ಆಗಲ್ಲ ಬಿಡೋ" ಎಂದು ಬಿಟ್ಟಿದ್ದವರು, ಮೂರು ವರ್ಷದ ಕೆಳಗೆ ಕಾಲಿನ ಎರಡು ಬೆರಳು ತೆಗೆಸಿಕೊಂಡು ಬಂದಿದ್ದರು. ಅವರು ಜಗಲಿಯಲ್ಲಿ ಕುಳಿತು ಒಂದೇ ಕಾಲಿಗೆ ಚಪ್ಪಲಿ ಹಾಕಿಕೊಳ್ಳುತ್ತಿದ್ದ ನೋಟ ಇಬ್ಬರ ಕಣ್ಣಿಗೂ ಕಟ್ಟಿತ್ತು.

ಅಡುಗೆ ಇಷ್ಟವಿಲ್ಲದ ಮನೆಯಲ್ಲಿ ಜನ ಸಣಕಲಾಗಿರಬೇಕು ಎಂದು ವಾಚಕರು ಎಣಿಸಬಹುದು. ನಿಜ ಅದಕ್ಕೆ ವಿರುದ್ಧ. ಸಂಜೆ ಆರೂವರೆಯ ಲೋಕಲ್ಲಿನಲ್ಲಿ ನಿಂತು ಬಂದವಳಿಗೆ ಸ್ಟೇಷನ್ನಿನ ಹೊರಗಿನ ವಡಾಪಾವ್ ದೇವರಂತೆ ಕಾಣುತ್ತದೆ. ನಾಲ್ಕು ಕಟ್ಟಿಸಿಕೊಂಡರೆ ಒಂದು ತಾಸು ಅಡುಗೆ ಮುಂದಕ್ಕೆ ಹೋಯಿತು. ಪಲ್ಯ ಮಾಡಲು ಬೇಸರವಾದರೆ ಸಂಡಿಗೆ ಹಪ್ಪಳ ಕರಿದರಾಯಿತು. ಎಣ್ಣೆ ಕಾಯಿಸುವುದಕ್ಕೆ ತರಕಾರಿ ಹೆಚ್ಚಬೇಕಾಗಿಲ್ಲವಲ್ಲ! ಭಾನುವಾರ ಮಾಟುಂಗಾದ ಹೋಟೆಲು. ಇನ್ನುಳಿದ ದಿನ ಫೋನಿನಲ್ಲಿ ಬೆರಳಾಡಿಸಿದರೆ ಬಾಗಿಲಿಗೇ ಊಟ. ಇದರ ಮೇಲೆ ಮಾಡಿದವರ ಪಾಲಿಗೆ ಇನ್ನೊಂದು ಶಿಕ್ಷೆಯಿದೆ: ಒಲ್ಲದ ಮನಸ್ಸಿನಿಂದ ಬೆವರು ಸುರಿಸಿ ಮಾಡಿದ್ದನ್ನು ಚೆಲ್ಲಲು ಕೈ ಬರುವುದಿಲ್ಲ. ಪಾತ್ರೆಯ ತಳದ ಎರಡು ಸೌಟು ಅನ್ನ, ಮಗ ಬಿಟ್ಟ ಅರ್ಧ ಚಪಾತಿ, ಎಲ್ಲವೂ ಸಿಂಕಿನ ಮುಂದೆ ನಿಂತಲ್ಲೇ ಹೊಟ್ಟೆ ಸೇರುತ್ತವೆ. ಅದನ್ನು ಯಾರೂ ಊಟವೆಂದು ಲೆಕ್ಕಕ್ಕೆ ಹಿಡಿಯುವುದಿಲ್ಲ, ತಕ್ಕಡಿಯೊಂದನ್ನು ಬಿಟ್ಟು.

ಮೊದಲನೆಯ ಪ್ರಯತ್ನಕ್ಕೆ ನಾವು ಇಟ್ಟ ಹೆಸರು "ಎರಡು ಅಡುಗೆ". ಅಮ್ಮನಿಗೂ ಮಗನಿಗೂ ಎಂದಿನ ಹುಳಿ, ಅನ್ನ, ಚಪಾತಿ. ನಮಗಿಬ್ಬರಿಗೆ ಬೆಳಿಗ್ಗೆ ಓಟ್ಸ್, ರಾತ್ರಿ ಸೂಪು, ಬೇಯಿಸಿದ ತರಕಾರಿ. ಒಂದು ಅಡುಗೆಯನ್ನೇ ಹಲ್ಲು ಕಚ್ಚಿ ಮಾಡುತ್ತಿದ್ದವಳಿಗೆ ಈಗ ಎರಡು! ಬೆಳಿಗ್ಗೆ ಐದಕ್ಕೆ ಏಳುತ್ತಿದ್ದವಳು ನಾಲ್ಕೂವರೆಗೆ ಎದ್ದಳು. ಸಂಜೆ ಲೋಕಲ್ಲಿನ ಹೆಂಗಸರ ಡಬ್ಬಿಯಲ್ಲಿ ಸೊಪ್ಪು ಬಿಡಿಸುವುದು, ಬಟಾಣಿ ಸುಲಿಯುವುದು ಮುಂಬಯಿಯ ಹಳೆಯ ರೂಢಿ, ಅದೂ ನಡೆಯಿತು. ಆದರೂ ಮೂರನೆಯ ವಾರ ಒಂದು ರಾತ್ರಿ, ನೀರುನೀರಾದ ಸೂಪಿನ ಬಟ್ಟಲಿನ ಮುಂದೆ ನಾವಿಬ್ಬರು, ಎದುರಿಗೆ ಬದನೆಕಾಯಿ ಎಣ್ಣೆಗಾಯಿ ಕಲಸಿಕೊಂಡು ಉಣ್ಣುತ್ತಿರುವ ಮಗ. ಯಾರು ಮೊದಲು ಕೈ ಹಾಕಿದರೆಂಬ ಬಗ್ಗೆ ನಮ್ಮಲ್ಲಿ ಇಂದಿಗೂ ಒಮ್ಮತವಿಲ್ಲ. ಸೂಪನ್ನೂ ಕುಡಿದೆವು, ಎಣ್ಣೆಗಾಯಿಯನ್ನೂ ಮುಗಿಸಿದೆವು. ಅಲ್ಲಿಗೆ ಎರಡು ಅಡುಗೆಯ ಯುಗ ಅಂತ್ಯವಾಯಿತು.

ಎರಡನೆಯ ಪ್ರಯತ್ನ "ಒಂದೇ ಅಡುಗೆ, ಸ್ವಲ್ಪವೇ ಅಡುಗೆ". ಮಾಡಿದ್ದೇ ಕಡಿಮೆಯಾದರೆ ತಿನ್ನುವುದೂ ಕಡಿಮೆ ತಾನೆ ಎಂಬ ತರ್ಕ. ಎರಡು ಪಾವಿನ ಜಾಗದಲ್ಲಿ ಒಂದು ಪಾವು ಅಕ್ಕಿ. ತುಪ್ಪದ ಡಬ್ಬಿ ಮೇಲಿನ ಅಟ್ಟಕ್ಕೆ. ಕಾಯಿತುರಿ ಹಬ್ಬಕ್ಕೆ ಮಾತ್ರ. ಮಾಡುವವಳಿಗೂ ಹಗುರ. ಮಗ ಕಾಲೇಜಿನ ಕ್ಯಾಂಟೀನಿನಲ್ಲಿ ತನ್ನ ದಾರಿ ನೋಡಿಕೊಂಡ. ಎರಡು ತಿಂಗಳಲ್ಲಿ ನಮ್ಮ ತೂಕ ಒಂದೊಂದು ಕಿಲೋ ಇಳಿಯಿತು. ಗೆದ್ದೆವೆಂದುಕೊಂಡೆವು.

ಒಂದು ಬೆಳಿಗ್ಗೆ ಅಮ್ಮ ದೇವರಿಗೆ ಹೂವೇರಿಸುತ್ತಿದ್ದಾಗ ಕೈ ಎತ್ತಿದರು. ಬಳೆಗಳು ಜಾರಿ ಮೊಣಕೈ ಹತ್ತಿರ ನಿಂತವು. ರವಿಕೆಯ ತೋಳು ಚೀಲದಂತೆ ಜೋಲುತ್ತಿತ್ತು. ನಾವು ದಿನಾ ಏರಿ ಇಳಿಯುತ್ತಿದ್ದ ತಕ್ಕಡಿಯ ಮೇಲೆ ಅವರನ್ನು ನಿಲ್ಲಿಸಿದೆವು. ಯುಗಾದಿಯ ಹೊತ್ತಿಗೆ 46 ಇದ್ದವರು 42ಕ್ಕೆ ಬಂದಿದ್ದರು. ಮನೆಯಲ್ಲಿ ಎಲ್ಲರಿಗಿಂತ ಹೆಚ್ಚು ತೂಕ ಇಳಿಸಿದವರು, ಒಂದು ಗ್ರಾಮೂ ಇಳಿಸಬಾರದಾಗಿದ್ದವರು.

"ಯಾಕಮ್ಮಾ, ಹಸಿವಾಗ್ತಿರ್ಲಿಲ್ವಾ?" ಎಂದರೆ ಅಮ್ಮ ಮೊದಲು ಮಾತೇ ಆಡಲಿಲ್ಲ. ಒತ್ತಾಯ ಮಾಡಿದ ಮೇಲೆ ಹೇಳಿದರು: "ನೀವಿಬ್ರೂ ಒಂದೊಂದು ಸೌಟು ಹಾಕ್ಕೊಂಡು ಎದ್ದುಬಿಡ್ತೀರಿ. ಪಾತ್ರೇಲಿ ಉಳಿಯೋದೇ ಒಂದಿಷ್ಟು. ನಾನು ಇನ್ನೊಂದು ಸಲ ಬಡಿಸು ಅಂದು, ಹುಡುಗನಿಗೆ ಸಾಲ್ದೆ ಹೋದ್ರೆ? ಈ ವಯಸ್ಸಲ್ಲಿ ಅನ್ನ ಕೇಳೋಕೆ ನಾಚಿಕೆ ಆಯ್ತು ಕಣಪ್ಪಾ."

ಆ ದಿನ ಒಬ್ಬರು ಬ್ಯಾಂಕಿಗೆ ರಜೆ ಹಾಕಿದರು. ಡಾಕ್ಟರು ಅಮ್ಮನನ್ನು ನೋಡಿ, ನಮ್ಮನ್ನು ನೋಡಿ, "ಮುಪ್ಪಿನಲ್ಲಿ ಹೀಗೆ ತೂಕ ಹೋದರೆ ಬರಿಯ ಕೊಬ್ಬಲ್ಲ, ಮಾಂಸಖಂಡವೂ ಹೋಗುತ್ತದೆ. ಆಮೇಲೆ ಬೀಳುತ್ತಾರೆ, ಬಿದ್ದರೆ ಮೂಳೆ ಮುರಿಯುತ್ತದೆ. ಇವರಿಗೆ ಹಾಲು, ಬೇಳೆ, ತುಪ್ಪ ಯಾವುದನ್ನೂ ಕಡಿಮೆ ಮಾಡಬೇಡಿ" ಎಂದರು. ಬೈದಿದ್ದರೆ ಚೆನ್ನಾಗಿತ್ತು.

ಮನೆಗೆ ಬಂದು ಇಷ್ಟವಿಲ್ಲದವಳು ಅಮ್ಮನ ಮುಂದೆ ಕುಳಿತು ಅಂದೇ ಮೊದಲ ಬಾರಿಗೆ ಬಾಯಿಬಿಟ್ಟಳು: "ಅತ್ತೀ, ನನಗ ಅಡಿಗೀ ಅಂದ್ರ ಮೊದಲಿಂದನೂ ಸೇರೂದುಲ್ಲ. ಕಡಿಮಿ ಮಾಡೂದು ಅಂದಕೂಡಲೆ ಖುಷಿಯಾತು. ನಿಮ್ಮ ಕಡೆ ನೋಡಲೇ ಇಲ್ಲ." ಅಮ್ಮನಿಗೆ ಆಶ್ಚರ್ಯವೇನೂ ಆದಂತೆ ಕಾಣಲಿಲ್ಲ. "ಅದು ನಂಗೆ ಗೊತ್ತಿಲ್ವೇನಮ್ಮಾ? ಸೌಟು ಇಡೋ ಸದ್ದಲ್ಲೇ ಗೊತ್ತಾಗುತ್ತೆ. ನಂಗೇನು ಇಷ್ಟ ಇತ್ತು ಅಂದ್ಕೊಂಡ್ಯಾ? ದಿನಾ ಹನ್ನೊಂದು ಜನಕ್ಕೆ ಸೌದೆ ಒಲೇಲಿ ಬೇಯಿಸಿ ಹಾಕೋದು ಯಾರಿಗೆ ಇಷ್ಟ? ಹೊತ್ತಿಗೆ ಸರಿಯಾಗಿ ಮಾಡ್ತಿದ್ದೆ, ಅಷ್ಟೇ. ಇಷ್ಟವಾ ಅಂತ ಯಾರು ಕೇಳಿದ್ರು?" ಎಂದರು. ಅವರ ಕೈಯಡುಗೆಯನ್ನು ಐವತ್ತು ವರ್ಷ ಹೊಗಳಿಕೊಂಡು ಬಂದಿದ್ದ ಮಗನೆಂಬುವವರು ಅಲ್ಲೇ ನಿಂತಿದ್ದರು. ಅವರಿಗೆ ಆಡಲು ಮಾತಿರಲಿಲ್ಲ. ಮಾರನೆಯ ದಿನದಿಂದ ಅಡುಗೆ ಕಲಿಯುವುದೆಂದು ಅವರು ನಿಶ್ಚಯಿಸಿದ್ದು ಆ ಗಳಿಗೆಯಲ್ಲಿ.

ಮೂರನೆಯ ಪ್ರಯತ್ನದ ಸೂತ್ರವನ್ನು ಕೊಟ್ಟವರೂ ಅಮ್ಮನೇ. "ಹನ್ನೊಂದು ಜನರಲ್ಲಿ ಬಾಣಂತಿ ಇದ್ಲು, ಮುದುಕರಿದ್ರು, ಗದ್ದೆ ಕೆಲಸದೋರಿದ್ರು. ಹನ್ನೊಂದು ಅಡುಗೆ ಮಾಡ್ತಿದ್ನಾ? ಅಡುಗೆ ಒಂದೇ, ಬಡಿಸೋದು ಬೇರೆ." ನಾವು ಪುಸ್ತಕ ತಿರುವಿ, ಫೋನು ನೋಡಿ, ಎರಡು ಸಲ ಸೋತು ಕಂಡುಕೊಳ್ಳದೆ ಹೋದ ಮಾತು ಇದು.

ಇನ್ನು ಇದನ್ನು ಆಚರಣೆಗೆ ತಂದ ಬಗೆ. ಮೊದಲು ಮಗನನ್ನು ಲೆಕ್ಕಕ್ಕೆ ಕೂರಿಸಿದೆವು. ನಮ್ಮ ಮನೆಗೆ ತಿಂಗಳಿಗೆ 5 ಲೀಟರ್ ಎಣ್ಣೆಯ ಡಬ್ಬ ಬರುತ್ತಿತ್ತು. ನಾಲ್ಕು ಜನ, ಮೂವತ್ತು ದಿನ. ದಿನಕ್ಕೆ ತಲೆಗೆ 40 ಮಿಲಿಲೀಟರಿಗೂ ಹೆಚ್ಚು. ಒಂದು ಗ್ರಾಮ್ ಎಣ್ಣೆಗೆ 9 ಕ್ಯಾಲೊರಿಯಂತೆ ಎಣ್ಣೆಯೊಂದರಿಂದಲೇ ತಲೆಗೆ ಸುಮಾರು 340 ಕ್ಯಾಲೊರಿ! ಅದು ಕಣ್ಣಿಗೆ ಕಾಣುವುದಿಲ್ಲ, ಹೊಟ್ಟೆಯನ್ನೂ ತುಂಬುವುದಿಲ್ಲ. ಈಗ ಡಬ್ಬ ಎರಡು ತಿಂಗಳು ಬರುತ್ತದೆ. ಮಾಡಿದ್ದೇನೂ ದೊಡ್ಡದಲ್ಲ: ಡಬ್ಬದಿಂದ ನೇರವಾಗಿ ಬಾಣಲೆಗೆ ಸುರಿಯುವುದನ್ನು ಬಿಟ್ಟು ಚಮಚದಲ್ಲಿ ಅಳೆಯುವುದು, ಕರಿಯುವುದನ್ನು ಹಬ್ಬಕ್ಕೆ ಇಟ್ಟುಕೊಳ್ಳುವುದು.

ಎರಡನೆಯದು ನಮ್ಮಲ್ಲೇ ಇದ್ದ ಹಳೆಯ ಜಗಳ. ಧಾರವಾಡದವರು "ಅನ್ನ ಬಿಡ್ರಿ, ರೊಟ್ಟಿ ತಿನ್ರಿ, ತೂಕ ತಾನಾಗೇ ಇಳೀತದ" ಎನ್ನುವರು. ಹಾಸನದವರು ಮುದ್ದೆಯ ಪರ. ಮಗ ಹೈದರಾಬಾದಿನ ರಾಷ್ಟ್ರೀಯ ಪೌಷ್ಟಿಕತೆ ಸಂಸ್ಥೆಯ ಕೋಷ್ಟಕ ತೆಗೆದು ತೋರಿಸಿದ. ಅಲ್ಲಿಯ ಕನ್ನಡಿಗರು ತಾರ್ನಾಕಾದಲ್ಲಿ ಅದನ್ನು ನೋಡಿರಬಹುದು. 1918ರಲ್ಲಿ ಕೂನೂರಿನಲ್ಲಿ ಹುಟ್ಟಿ 1958ರಲ್ಲಿ ಹೈದರಾಬಾದಿಗೆ ಬಂದ ಸಂಸ್ಥೆ ಅದು. ಅಕ್ಕಿ, ಗೋಧಿ, ಜೋಳ, ರಾಗಿ ಯಾವುದನ್ನೇ ತೆಗೆದುಕೊಳ್ಳಿ, 100 ಗ್ರಾಮಿಗೆ 320ರಿಂದ 360ರೊಳಗೆ ಕ್ಯಾಲೊರಿ. ರಾಗಿಯಲ್ಲಿ ಸುಣ್ಣದಂಶ ಹೆಚ್ಚು, ಜೋಳದಲ್ಲಿ ಅಕ್ಕಿಗಿಂತ ನಾರು ಹೆಚ್ಚು, ಗುಣ ಬೇರೆಬೇರೆ ನಿಜ. ಆದರೆ ನಾಲ್ಕು ರೊಟ್ಟಿ ತಿಂದರೆ ನಾಲ್ಕು ರೊಟ್ಟಿಯೇ. ಹೀಗೆ 28 ವರ್ಷದ ಪ್ರಾದೇಶಿಕ ವಿವಾದ ಸಮಬಲದಲ್ಲಿ ಮುಗಿಯಿತು. ಅದೇ ಕೋಷ್ಟಕದಲ್ಲಿ ಹಸಿ ತೆಂಗಿನಕಾಯಿ 400ಕ್ಕೂ ಮೇಲೆ, ಶೇಂಗಾ 500ಕ್ಕೂ ಮೇಲೆ; ಸೌತೆಕಾಯಿ 20ಕ್ಕೂ ಕೆಳಗೆ. ಅದೇ ಸಂಸ್ಥೆ 2024ರಲ್ಲಿ ಹೊರತಂದ ಮಾರ್ಗಸೂಚಿಯ ತಟ್ಟೆಯ ಚಿತ್ರದಲ್ಲಿ ಅರ್ಧದಷ್ಟು ಜಾಗ ಸೊಪ್ಪು, ತರಕಾರಿ, ಹಣ್ಣಿಗೆ ಮೀಸಲು. ನಮ್ಮ ತಟ್ಟೆಯಲ್ಲಿ ಅವಕ್ಕೆ ಉಪ್ಪಿನಕಾಯಿಯ ಪಕ್ಕದ ಮೂಲೆ ಸಿಕ್ಕಿತ್ತು.

ಮೂರನೆಯದು ಒಲೆ ಹಚ್ಚದ ಅಡುಗೆ. ಅಡುಗೆ ಇಷ್ಟವಿಲ್ಲದವರಿಗೆ ನಮ್ಮ ಪೂರ್ವಿಕರು ಎಷ್ಟು ಉಪಕಾರ ಮಾಡಿ ಹೋಗಿದ್ದಾರೆಂಬುದು ಈಗ ತಿಳಿಯಿತು. ಹಾಸನದ ಕಡೆಯಿಂದ ಹೆಸರುಬೇಳೆ ಕೋಸಂಬರಿ; ಬೇಳೆ ನೆನೆಹಾಕಿ ಸೌತೆಕಾಯಿ ಹೆಚ್ಚಿ ಹಾಕಿದರೆ ಮುಗಿಯಿತು. ಧಾರವಾಡದ ಕಡೆಯಿಂದ ಮೆಂತೆಸೊಪ್ಪು, ಮೂಲಂಗಿ, ಉಳ್ಳಾಗಡ್ಡಿಯ ಹಸಿ ಪಚಡಿ. ಜೊತೆಗೆ ಮೊಸರುಬಜ್ಜಿ, ನೀರುಮಜ್ಜಿಗೆ. ಇಲ್ಲಿಯ ಮರಾಠಿ ನೆರೆಯವರಿಂದ ಮೊಳಕೆ ಬರಿಸಿದ ಮಡಕೆಕಾಳು. ಇವು ಊಟದ ಮೊದಲಿಗೇ ಬರುತ್ತವೆ, ಬಟ್ಟಲು ತುಂಬ. ಬೆಂಕಿಯ ಕೆಲಸವೆಂದರೆ ಒಂದು ಕುಕ್ಕರು: ಕೆಳಗಿನ ಡಬ್ಬಿಯಲ್ಲಿ ಬೇಳೆ, ನಡುವೆ ತರಕಾರಿ, ಮೇಲೆ ಅನ್ನ, ಸೀಟಿ ಹೊಡೆದು ಇಳಿದ ಮೇಲೆ ಒಂದು ಸಾರು, ಒಂದು ಪಲ್ಯ. ರೊಟ್ಟಿ, ಚಪಾತಿಯನ್ನು ಬೀದಿ ತಿರುವಿನ ಪೋಳಿಭಾಜಿ ಕೇಂದ್ರದಿಂದ ತರುತ್ತೇವೆ. ಮೊದಮೊದಲು ಅದನ್ನು ಚೀಲದಲ್ಲಿ ಮುಚ್ಚಿಕೊಂಡು ತರುತ್ತಿದ್ದೆವು. ಈಗ ಕೈಯಲ್ಲೇ ಹಿಡಿದು ತರುತ್ತೇವೆ. ಒಂದು ದಿನ ಅದೇ ಸಾಲಿನಲ್ಲಿ ನಮ್ಮ ಸಂಘದವರೇ ಮೂವರು ಸಿಕ್ಕರು. ಯಾರೂ ಯಾರನ್ನೂ ಏನೂ ಕೇಳಲಿಲ್ಲ.

ಇಷ್ಟೇ ಅಡುಗೆ, ನಾಲ್ಕು ತಟ್ಟೆ. ನಮ್ಮಿಬ್ಬರಿಗೆ ಕೋಸಂಬರಿ, ಪಲ್ಯ ಅರ್ಧ ತಟ್ಟೆ, ಒಂದು ರೊಟ್ಟಿ, ಒಂದು ಬಟ್ಟಲು ಅನ್ನ, ಗಟ್ಟಿ ಬೇಳೆಯ ಸಾರು. ಅಮ್ಮನಿಗೆ ಮೆತ್ತಗಿನ ಅನ್ನಕ್ಕೆ ತುಪ್ಪ, ಎರಡು ಸೌಟು ಬೇಳೆ, ಕೆನೆಮೊಸರು, ರಾತ್ರಿ ಹಾಲು. ಮಗನಿಗೆ ನಾಲ್ಕು ರೊಟ್ಟಿ, ಶೇಂಗಾಚಟ್ನಿ, ಅನ್ನ ಬೇಕಾದಷ್ಟು. ತುಪ್ಪದ ಡಬ್ಬಿ ಅಟ್ಟದಿಂದ ಇಳಿದು ಮೇಜಿನ ಮೇಲೆ ಅಮ್ಮನಿಗೂ ಮೊಮ್ಮಗನಿಗೂ ನಡುವೆ ಕುಳಿತಿದೆ. ನಮ್ಮ ಕಡೆಗೆ ಗಡಿ ದಾಟುವುದಿಲ್ಲ. ಅಮ್ಮನಿಗೆ ಕೇಳಿಸಿಕೊಳ್ಳದೆಯೇ ಎರಡನೆಯ ಸಲ ಬಡಿಸುವುದು ಮನೆಯ ಮೊದಲ ನಿಯಮ. ಉಳಿದದ್ದನ್ನು ನಿಂತಲ್ಲೇ ತಿನ್ನದೆ ಡಬ್ಬಿಗೆ ಹಾಕಿ ಫ್ರಿಜ್ಜಿಗೆ ಸೇರಿಸುವುದು ಎರಡನೆಯದು.

ಕಲಿಯುವವರ ಕಥೆಯನ್ನೂ ಎರಡು ಮಾತಿನಲ್ಲಿ ಹೇಳಬೇಕು. ಮೊದಲ ವಾರ ಬ್ಯಾಂಕಿಗೆ ದಿನಕ್ಕೆ ಐದು ಫೋನು. "ಹುಣಸೆಹಣ್ಣು ಎಷ್ಟು?" "ನಿಂಬೆಹಣ್ಣಿನಷ್ಟ್ರಿ." "ದೊಡ್ಡ ನಿಂಬೆಹಣ್ಣೋ, ಸಣ್ಣದೋ?" ಆ ದಿನದ ಸಾರನ್ನು ಮಗ "ಹುಣಸೆಹಣ್ಣಿನ ಕಷಾಯ" ಎಂದ. ಕುಕ್ಕರಿಗೆ ನೀರು ಹಾಕದೆ ಒಲೆಯ ಮೇಲಿಟ್ಟು ರಬ್ಬರು ಸುಟ್ಟದ್ದೂ ಆಯಿತು. ಈಗ ವಾರದಲ್ಲಿ ನಾಲ್ಕು ದಿನ ಅವರ ಸರದಿ, ಮೂರು ದಿನ ಇವರದು. ಮಾಡುತ್ತ ಮಾಡುತ್ತ ಅಡುಗೆಯ ಮೇಲೆ ಪ್ರೀತಿ ಹುಟ್ಟಿತೇ ಎಂದರೆ, ಇಲ್ಲ. ಒಂದು ಬದಲಾವಣೆಯಾಗಿದೆ: ಮೊದಲು ಒಬ್ಬರಿಗೆ ಇಷ್ಟವಿರಲಿಲ್ಲ, ಇನ್ನೊಬ್ಬರಿಗೆ ಬರುತ್ತಿರಲಿಲ್ಲ. ಈಗ ಇಬ್ಬರಿಗೂ ಬರುತ್ತದೆ, ಇಬ್ಬರಿಗೂ ಇಷ್ಟವಿಲ್ಲ. ಉಪ್ಪು ಒಂದು ಕಲ್ಲು ಕಡಿಮೆ ಎಂಬ ಮಾತು ಮಾತ್ರ ಮನೆಯಿಂದ ಮಾಯವಾಗಿದೆ.

ಫಲವೇನೆಂದು ಕೇಳುವಿರಿ. ಡಾಕ್ಟರು ಕೊಟ್ಟ ಆರು ತಿಂಗಳಲ್ಲಿ ಮುಗಿಯಲಿಲ್ಲ. ಹನ್ನೊಂದು ತಿಂಗಳು ಹಿಡಿಯಿತು. 71 ಇದ್ದದ್ದು 66 ಆಗಿದೆ, 84 ಇದ್ದದ್ದು 78. ದಿನಾ ಮುಕ್ಕಾಲು ತಾಸು ನಡೆದದ್ದೂ ಅದರಲ್ಲಿ ಸೇರಿದೆ. ರಕ್ತಪರೀಕ್ಷೆಯ 6.3 ಈಗ 5.9, 6.1 ಈಗ 5.8. ಕಟ್ಟೆಯಿಂದ ಪೂರ್ತಿ ಇಳಿದಿಲ್ಲ, ಆ ಕಡೆಗೆ ಬೀಳಲಿಲ್ಲ ಅಷ್ಟೆ. ಗಣೇಶನ ಹಬ್ಬದಲ್ಲಿ ಒಂದು ಕಿಲೋ ಏರಿತ್ತು, ದೀಪಾವಳಿಯಲ್ಲಿ ಮತ್ತೊಂದು. ಹಬ್ಬ ಕಳೆದ ಮೇಲೆ ಅಳದೆ ಮತ್ತೆ ಕೋಸಂಬರಿಗೆ ಕುಳಿತೆವು. ಧಾರವಾಡದ ಅಕ್ಕ ವೀಡಿಯೊ ಫೋನಿನಲ್ಲಿ ನೋಡಿ "ಯಾಕವ್ವಾ ಇಷ್ಟ ಸೊರಗೀ, ಆರಾಮ ಇಲ್ಲೇನು?" ಎಂದು ಕಣ್ಣೀರು ತೆಗೆದಳು. ತೂಕ ಇಳಿಸಿದವರಿಗೆ ನಮ್ಮವರಲ್ಲಿ ಸಿಗುವ ಬಿರುದು ಇದೊಂದೇ. ನಾವು ಹೆಚ್ಚು ಹೆಮ್ಮೆಯಿಂದ ಹೇಳಿಕೊಳ್ಳುವ ಅಂಕಿ ಬೇರೆ ಇದೆ: ಅಮ್ಮನ ತೂಕ ಈಗ 45. ಬಳೆ ಮಣಿಕಟ್ಟಿನಲ್ಲೇ ನಿಲ್ಲುತ್ತಿದೆ.

ನಾವು ವೈದ್ಯರಲ್ಲ. ಸಕ್ಕರೆಗೆ ಮಾತ್ರೆಯನ್ನೋ ಇನ್ಸುಲಿನ್ನನ್ನೋ ತೆಗೆದುಕೊಳ್ಳುತ್ತಿರುವವರು ತಮ್ಮ ಡಾಕ್ಟರನ್ನು ಕೇಳದೆ ಊಟ ಕಡಿಮೆ ಮಾಡಬಾರದು. ಸಕ್ಕರೆ ಒಮ್ಮೆಗೇ ಇಳಿದು ಬಿದ್ದಾರು. ಇನ್ನು ತೂಕ ಇಳಿಸುವ ಉತ್ಸಾಹದಲ್ಲಿರುವ ಮನೆಗಳಲ್ಲಿ ಮುದುಕರೋ ಮಕ್ಕಳೋ ಇದ್ದರೆ, ತಿಂಗಳಿಗೊಮ್ಮೆ ಅವರನ್ನೂ ಅದೇ ತಕ್ಕಡಿಯ ಮೇಲೆ ನಿಲ್ಲಿಸಿ ಎಂದಷ್ಟೇ ನಮ್ಮ ಬಿನ್ನಹ. ಕೇಳಿ ಉಣ್ಣದವರು ಎಲ್ಲರ ಮನೆಯಲ್ಲೂ ಒಬ್ಬರಿರುತ್ತಾರೆ.

ಮುಂದಿನ ತಿಂಗಳು ಸಂಘದ ವಾರ್ಷಿಕೋತ್ಸವ. ಉಪ್ಪಿಟ್ಟು ಕೇಸರಿಬಾತು ಇದ್ದೇ ಇರುತ್ತದೆ. ನಾವೂ ತಿನ್ನುತ್ತೇವೆ, ಒಂದೊಂದು ತಟ್ಟೆ. ಅಲ್ಲಿ ಸಿಕ್ಕವರು ನಮ್ಮನ್ನು ಏನೂ ಕೇಳಬೇಕಾಗಿಲ್ಲ. ಆದರೆ ನಿಮ್ಮ ಮನೆಯಲ್ಲಿ ದಿನವೂ ಸೌಟು ಹಿಡಿಯುವವರನ್ನು, ಇದು ನಿಮಗೆ ಇಷ್ಟವೇ ಎಂದು ಒಮ್ಮೆ ಕೇಳಿ ನೋಡಿ. ಉತ್ತರ ಏನೇ ಬಂದರೂ, ಅಂದು ರಾತ್ರಿ ಪಾತ್ರೆಯನ್ನಾದರೂ ನೀವು ತೊಳೆಯಿರಿ.